ಪಕ್ಕದಲ್ಲಿ ಜಲ್ಲಿ ಗುಂಡಿ ಬಂದರೆ ಬಾವಿ ನೀರು ಏನಾಗುತ್ತದೆ? ಅಳೆದು ತಿಳಿಯುವುದು ಹೀಗೆ

"ಪಕ್ಕದ ಜಮೀನಿನಲ್ಲಿ ಜಲ್ಲಿ ತೆಗೆಯುತ್ತಾರಂತೆ. ನಮ್ಮ ಬಾವಿ ಬತ್ತಿಹೋಗುತ್ತಾ?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಅದರ ಬೆನ್ನಿಗೇ ಇನ್ನೊಂದು: "ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ ಕೊಡುತ್ತಾರಂತೆ. ಆಮೇಲೆ ಎಲ್ಲ ಮೊದಲಿನಂತೆ ಆಗುತ್ತಾ?"

ಎರಡಕ್ಕೂ ಒಂದೇ ಮಾತಿನ ಉತ್ತರ ಇಲ್ಲ. ಕೆಲವು ಗುಂಡಿಗಳಿಂದ ಪಕ್ಕದ ಬಾವಿಗೆ ಏನೂ ಆಗುವುದಿಲ್ಲ. ಕೆಲವು ಒಂದೇ ಬೇಸಿಗೆಯಲ್ಲಿ ಬಾವಿಯನ್ನು ತಳ ಕಾಣಿಸಿಬಿಡುತ್ತವೆ. ಇನ್ನು ಕೆಲವು ತೋಡುವಾಗ ಸುಮ್ಮನಿದ್ದು, ಮುಚ್ಚಿದ ಮೇಲೆ ಕಾಟ ಕೊಡುತ್ತವೆ. ನಿಮ್ಮದು ಇದರಲ್ಲಿ ಯಾವುದು ಅಂತ ತಿಳಿಯಲು ದಾರಿ ಇದೆ. ಅದಕ್ಕೆ ದೊಡ್ಡ ಓದು ಬೇಡ, ದುಬಾರಿ ಯಂತ್ರವೂ ಬೇಡ. ಆದರೆ ಅಳತೆ ಮಾತ್ರ ಗುಂಡಿಗಿಂತ ಮೊದಲೇ ಶುರುವಾಗಬೇಕು. ನೀರು ಇಳಿದ ಮೇಲೆ "ಮೊದಲು ಇಲ್ಲಿತನಕ ಇತ್ತು" ಅಂತ ಕೈ ತೋರಿಸಿದರೆ ಯಾರೂ ಕೇಳುವುದಿಲ್ಲ. ತಾರೀಖು ಹಾಕಿ ಬರೆದಿಟ್ಟ ಅಳತೆ ಮುಂದಿಟ್ಟರೆ ಕೇಳಲೇಬೇಕಾಗುತ್ತದೆ.

ಇಲ್ಲಿ ಜಲ್ಲಿ ಎಂದರೆ ಬಂಡೆ ಸಿಡಿಸಿ ಕ್ರಷರ್‌ನಲ್ಲಿ ಒಡೆದದ್ದಲ್ಲ. ಹೊಳೆ ಉರುಳಿಸಿ ತಂದು, ಸಾವಿರಾರು ವರ್ಷಗಳಲ್ಲಿ ಪದರ ಪದರವಾಗಿ ಇಳಿಸಿಹೋದ ಉರುಟು ಕಲ್ಲು ಮತ್ತು ಮರಳು. ಜಗತ್ತು ಈಗ ವರ್ಷಕ್ಕೆ ಸುಮಾರು 5000 ಕೋಟಿ ಟನ್ ಮರಳು, ಜಲ್ಲಿ ಬಳಸುತ್ತಿದೆ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿ ಹೇಳುತ್ತದೆ. ಹಾಗಾಗಿ ಈ ಗುಂಡಿಗಳು ಕಡಿಮೆಯಾಗುವ ಲಕ್ಷಣ ಸದ್ಯಕ್ಕಂತೂ ಇಲ್ಲ.

ಜಲ್ಲಿಗೂ ನೀರಿಗೂ ಇರುವ ನಂಟು

ಒಂದು ಬಕೆಟ್ ತುಂಬ ಉರುಟು ಕಲ್ಲು ಹಾಕಿ. ಬಕೆಟ್ ತುಂಬಿತು ಅನಿಸುತ್ತದೆ. ಈಗ ನೀರು ಸುರಿಯಿರಿ. ಬಕೆಟ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ಸಲೀಸಾಗಿ ಒಳಗೆ ಹೋಗುತ್ತದೆ. ನೆಲದಡಿಯ ಜಲ್ಲಿ ಪದರವೂ ಹೀಗೇ. ಕಲ್ಲುಗಳ ಸಂದಿಯಲ್ಲಿ ನೀರು ತುಂಬಿಕೊಂಡಿರುತ್ತದೆ, ಮೆಲ್ಲಗೆ ಹರಿಯುತ್ತಲೂ ಇರುತ್ತದೆ. ಹೀಗೆ ನೀರು ಹಿಡಿದು ಹರಿಸುವ ಪದರಕ್ಕೆ ಜಲಧರ ಎನ್ನುತ್ತಾರೆ. ಆ ನೀರಿನ ಮೇಲ್ಮೈಯೇ ಅಂತರ್ಜಲ ಮಟ್ಟ. ನಿಮ್ಮ ಬಾವಿಯಲ್ಲಿ ಕಾಣುವುದು ಅದೇ. ಆ ಮಟ್ಟ ಕೆರೆಯ ನೀರಿನಂತೆ ಸಮತಟ್ಟಾಗಿ ಇರುವುದಿಲ್ಲ, ಒಂದು ಕಡೆಗೆ ಇಳಿಜಾರಾಗಿ ಇರುತ್ತದೆ. ಇದನ್ನು ನೆನಪಿಡಿ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಅಂದರೆ ಗುತ್ತಿಗೆದಾರರಿಗೆ ಬೇಕಾದ ಜಲ್ಲಿ, ನಿಮಗೆ ಬೇಕಾದ ನೀರು ಎರಡೂ ಇರುವುದು ಒಂದೇ ಪದರದಲ್ಲಿ. ಜಗಳ ಹುಟ್ಟುವುದೂ ಅಲ್ಲೇ.

ಏನೇನು ಬೇಕು

ಉಕ್ಕಿನ ಅಳತೆ ಟೇಪು, ಬಾವಿಯ ನೀರಿಗೆ ಮುಟ್ಟುವಷ್ಟು ಉದ್ದದ್ದು. ಒಂದಿಷ್ಟು ಸೀಮೆಸುಣ್ಣ. ಮಳೆ ಅಳೆಯುವ ಡಬ್ಬಿ. ಗಟ್ಟಿ ರಟ್ಟಿನ ನೋಟ್‌ಬುಕ್. ಅಕ್ಕಪಕ್ಕದ ಬಾವಿಗಳನ್ನು ಗುರುತಿಸಿದ ನಕ್ಷೆ. ಜೊತೆಗೆ ಅಳೆಯಲು ಒಪ್ಪುವ ಇಬ್ಬರು ನೆರೆಯವರು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದೇ ಬಾವಿಯಿಂದ ತಿಳಿಯುವುದು ತುಂಬಾ ಕಡಿಮೆ.

1. ಗುಂಡಿ ಯಾವ ಬಗೆಯದು ಅಂತ ತಿಳಿಯಿರಿ

ಅನುಮತಿಗೆ ಕೊಟ್ಟ ಅರ್ಜಿ, ನಕ್ಷೆ ಕೇಳಿ ಪಡೆಯಿರಿ. ಅದರಲ್ಲಿ ಮೊದಲು ನೋಡಬೇಕಾದ್ದು ವಿಸ್ತೀರ್ಣ ಅಲ್ಲ, ಆಳ. ಗುಂಡಿಯ ಕೊನೆಯ ತಳ ಅಂತರ್ಜಲ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ?

ಮೇಲಿದ್ದರೆ ಅದು ಒಣ ಗುಂಡಿ. ಬಾವಿಯ ಮಟ್ಟಕ್ಕೆ ಸಾಮಾನ್ಯವಾಗಿ ತೊಂದರೆ ಕಡಿಮೆ. ಆದರೆ ಮೇಲಿಂದ ಏನೇ ಚೆಲ್ಲಿದರೂ ನೀರಿಗೆ ಬೇಗ ಮುಟ್ಟುತ್ತದೆ. ಸೋಸಿ ಕೊಡುತ್ತಿದ್ದ ಮಣ್ಣು ಅಲ್ಲಿ ಇರುವುದಿಲ್ಲವಲ್ಲ.

ಕೆಳಗಿದ್ದು, ನೀರು ನಿಂತಿರುವಾಗಲೇ ಯಂತ್ರದಿಂದ ಬಾಚಿ ತೆಗೆದರೆ ಅದು ಒದ್ದೆ ಗುಂಡಿ. ಕಲ್ಲು ತೆಗೆದ ಜಾಗಕ್ಕೆ ಸುತ್ತಲಿನ ನೀರು ಬಂದು ತುಂಬುತ್ತದೆ. ಹಾಗಾಗಿ ತೆಗೆಯುವಷ್ಟು ದಿನ ಮಟ್ಟ ಸ್ವಲ್ಪ ಇಳಿಯಬಹುದು.

ಮೂರನೆಯದಕ್ಕೇ ಜಾಸ್ತಿ ಭಯಪಡಬೇಕು. ಪಂಪು ಹಚ್ಚಿ ನೀರು ಹೊರಹಾಕಿ, ಒಣಗಿಸಿಕೊಂಡು ತೋಡುವುದು. ಇದರಲ್ಲಿ ಗುಂಡಿಯ ಸುತ್ತ ಅಂತರ್ಜಲ ಲಾಳಿಕೆಯ ಆಕಾರದಲ್ಲಿ ಇಳಿಯುತ್ತದೆ. ಗುಂಡಿಯ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ.

ಎಡವುವ ಜಾಗ: ಕಾಗದದಲ್ಲಿ "ಅಂತರ್ಜಲ ಮಟ್ಟಕ್ಕಿಂತ 2 ಮೀಟರ್ ಮೇಲೆ ನಿಲ್ಲಿಸುತ್ತೇವೆ" ಅಂತ ಬರೆದಿರುತ್ತಾರೆ. ಆ ಮಟ್ಟ ಯಾವ ತಿಂಗಳಲ್ಲಿ ಅಳೆದದ್ದು ಅಂತ ಕೇಳಿ. ಬೇಸಿಗೆಯ ಕೊನೆಯಲ್ಲಿ ಅಳೆದಿದ್ದರೆ, ಮಳೆಗಾಲದಲ್ಲಿ ಅದೇ ಗುಂಡಿ ಒದ್ದೆ ಗುಂಡಿಯಾಗುತ್ತದೆ. ಲೆಕ್ಕ ಹಾಕಬೇಕಾದ್ದು ವರ್ಷದ ಅತಿ ಎತ್ತರದ ಮಟ್ಟದಿಂದ.

2. ಬಾವಿಯ ನೀರಿನ ಮಟ್ಟ ಅಳೆಯಿರಿ

ಬಾವಿಯ ಕಟ್ಟೆಯ ಮೇಲೆ, ಬೋರ್‌ವೆಲ್ ಆದರೆ ಕೇಸಿಂಗ್ ಪೈಪಿನ ಅಂಚಿನಲ್ಲಿ, ಅಳಿಸದ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಇನ್ನು ಮುಂದೆ ಪ್ರತಿ ಸಲ ಅಳೆಯುವುದು ಆ ಗೆರೆಯಿಂದಲೇ. ನೆಲದಿಂದ ಆ ಗೆರೆ ಎಷ್ಟು ಎತ್ತರ ಎಂಬುದನ್ನೂ ಬರೆದಿಡಿ. ಮುಂದೊಂದು ದಿನ ಕಟ್ಟೆ ರಿಪೇರಿ ಆದರೂ ಹಳೆಯ ಲೆಕ್ಕ ಕೈತಪ್ಪುವುದಿಲ್ಲ.

ಅಳೆಯುವುದು ಹೀಗೆ. ಟೇಪಿನ ತುದಿಯ ಒಂದು ಮೀಟರ್‌ಗೆ ಸೀಮೆಸುಣ್ಣ ತಿಕ್ಕಿ. ತುದಿ ನೀರಿನಲ್ಲಿ ಮುಳುಗುವಷ್ಟು ಟೇಪು ಇಳಿಸಿ, ಪೂರ್ತಿ ಮೀಟರಿನ ಒಂದು ಗುರುತು ನಿಮ್ಮ ಗೆರೆಗೆ ಸರಿಯಾಗಿ ಬರುವಂತೆ ಹಿಡಿಯಿರಿ. 12.00 ಅಂದುಕೊಳ್ಳೋಣ. ಮೇಲೆಳೆಯಿರಿ. ನೀರು ಮುಟ್ಟಿದ ಕಡೆ ಸುಣ್ಣದ ಬಣ್ಣ ಗಾಢವಾಗಿರುತ್ತದೆ, ಮೇಲೆ ಬಿಳಿ ಹಾಗೇ ಉಳಿದಿರುತ್ತದೆ. ಎರಡರ ನಡುವಿನ ಗೆರೆ ಕತ್ತರಿಸಿದಷ್ಟು ಸ್ಪಷ್ಟ. ಅದು 0.37ರಲ್ಲಿದ್ದರೆ ನೀರು ಇರುವ ಆಳ 12.00ರಲ್ಲಿ 0.37 ಕಳೆದು 11.63 ಮೀಟರ್. ಮತ್ತೆ ಒರೆಸಿ, ಸುಣ್ಣ ಹಚ್ಚಿ, ಇನ್ನೊಮ್ಮೆ ಇಳಿಸಿ. ಎರಡು ಅಳತೆ ಒಂದು ಸೆಂಟಿಮೀಟರ್ ಒಳಗೆ ಹೊಂದಬೇಕು. ಹೊಂದದಿದ್ದರೆ ಮೂರನೇ ಸಲ ಇಳಿಸಿ.

ಎಡವುವ ಜಾಗಗಳು ಇಲ್ಲಿ ಕೆಲವಿವೆ. ಮೋಟರ್ ಓಡುತ್ತಿರುವಾಗ, ಅಥವಾ ಆಗಷ್ಟೇ ನಿಲ್ಲಿಸಿ ಅಳೆದರೆ ಸಿಗುವುದು ಸುಳ್ಳು ಮಟ್ಟ. ರಾತ್ರಿಯಿಡೀ ಪಂಪು ನಿಲ್ಲಿಸಿ, ಬೆಳಿಗ್ಗೆ ಯಾರೂ ನೀರೆತ್ತುವ ಮೊದಲು ಅಳೆಯಿರಿ. ಹತ್ತಿರದ ಬಾವಿಯಲ್ಲಿ ಪಂಪು ಓಡುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಕುಡಿಯುವ ನೀರಿನ ಬಾವಿಯಾದರೆ ಟೇಪನ್ನು ಮೊದಲು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ ಇಳಿಸಬೇಕು. ಒಂದು ಬಾವಿಯ ಕೊಳೆ ಇನ್ನೊಂದಕ್ಕೆ ಹೋಗಬಾರದು. ಬೋರ್‌ವೆಲ್‌ನಲ್ಲಿ ಪಂಪಿನ ವೈರು, ಪೈಪು ಇರುತ್ತವೆ. ಟೇಪು ಸಿಕ್ಕಿಕೊಂಡರೆ ಜಗ್ಗಬೇಡಿ, ಮೆಕ್ಯಾನಿಕ್ ಕರೆಸಿ.

ತೆರೆದ ಬಾವಿಯಲ್ಲಿ ಒಬ್ಬರೇ ಬಗ್ಗಿ ಅಳೆಯಬೇಡಿ. ಬಾವಿಯ ಒಳಗಂತೂ ಇಳಿಯಲೇಬೇಡಿ. ಆಳದಲ್ಲಿ ಉಸಿರಾಡುವ ಗಾಳಿ ಇಲ್ಲದೇ ಇರಬಹುದು.

3. ನೀರು ಯಾವ ದಿಕ್ಕಿಗೆ ಹರಿಯುತ್ತಿದೆ ಅಂತ ಕಂಡುಹಿಡಿಯಿರಿ

ಗುಂಡಿಗೆ ನೀವು ಎಷ್ಟು ದೂರ ಎಂಬುದರಷ್ಟೇ ಮುಖ್ಯ, ಯಾವ ಕಡೆ ಇದ್ದೀರಿ ಎಂಬುದು. ನೀರು ನಿಮ್ಮ ಕಡೆಯಿಂದ ಗುಂಡಿಗೆ ಹೋಗುತ್ತಿದ್ದರೆ ನಿಮ್ಮದು ಮೇಲ್ಭಾಗದ ಬಾವಿ, ಮಟ್ಟ ಇಳಿಯುವ ಚಿಂತೆ ನಿಮ್ಮದು. ಗುಂಡಿಯ ಕಡೆಯಿಂದ ನಿಮ್ಮ ಕಡೆಗೆ ಬರುತ್ತಿದ್ದರೆ ಕೆಳಭಾಗದ ಬಾವಿ, ನೀರು ಕೆಡುವ ಚಿಂತೆ ಜಾಸ್ತಿ.

ಇದಕ್ಕೆ ತ್ರಿಕೋನದಂತೆ ನಿಂತ ಮೂರು ಬಾವಿಗಳು ಬೇಕು. ಒಂದೇ ದಿನ ಮೂರನ್ನೂ ಅಳೆಯಿರಿ. ಆದರೆ ಆಳವನ್ನೇ ಆಳಕ್ಕೆ ಹೋಲಿಸಬೇಡಿ. ಜನ ಅತಿ ಹೆಚ್ಚು ತಪ್ಪು ಮಾಡುವುದು ಇಲ್ಲೇ. ಎತ್ತರದ ದಿಬ್ಬದ ಮೇಲಿನ ಬಾವಿಯಲ್ಲಿ ನೀರು ಆಳದಲ್ಲಿದ್ದರೂ ಅದರ ಮಟ್ಟ ತಗ್ಗಿನ ಬಾವಿಗಿಂತ ಮೇಲಿರಬಹುದು. ಮೂರೂ ಬಾವಿಗಳ ಗೆರೆಯ ಎತ್ತರ ಒಂದೇ ಲೆಕ್ಕಕ್ಕೆ ಬರಬೇಕು. ಬಾವಿಗಳು ಹತ್ತಿರವಿದ್ದರೆ ಗಾರೆ ಕೆಲಸದವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ದೂರವಿದ್ದರೆ ಸರ್ವೆ ಮಾಡುವವರಿಂದ ಒಮ್ಮೆ ಲೆವೆಲ್ ತೆಗೆಸಿ. ಫೋನಿನ ಜಿಪಿಎಸ್ ತೋರಿಸುವ ಎತ್ತರ ನಂಬಬೇಡಿ. ಅದು ಮೀಟರ್‌ಗಟ್ಟಲೆ ತಪ್ಪುತ್ತದೆ, ನಮಗೆ ಬೇಕಾದ್ದು ಸೆಂಟಿಮೀಟರ್ ಲೆಕ್ಕ.

ಒಂದು ಬಾವಿಯ ಗೆರೆಯನ್ನು 110 ಮೀಟರ್ ಅಂತ ಇಟ್ಟುಕೊಳ್ಳಿ. ಉಳಿದವುಗಳ ಎತ್ತರ ಅದಕ್ಕೆ ಹೋಲಿಸಿ ಬರುತ್ತದೆ. ಪ್ರತಿಯೊಂದರಲ್ಲೂ ನೀರಿನ ಆಳ ಕಳೆಯಿರಿ. ಮೊದಲ ಬಾವಿಯ ನೀರು 98.60, ಎರಡನೆಯದು 97.40, ಮೂರನೆಯದು 98.00 ಅಂತ ಬಂತು ಅನ್ನಿ. ನಕ್ಷೆಯಲ್ಲಿ ಮೊದಲ ಮತ್ತು ಎರಡನೇ ಬಾವಿಗೆ ಗೆರೆ ಎಳೆಯಿರಿ. ಆ ಗೆರೆಯ ಸರಿ ಮಧ್ಯದಲ್ಲಿ ಮಟ್ಟ 98.00 ಆಗುತ್ತದೆ. ಆ ಮಧ್ಯಕ್ಕೂ ಮೂರನೇ ಬಾವಿಗೂ ಇನ್ನೊಂದು ಗೆರೆ ಎಳೆಯಿರಿ. ಅದು ಒಂದೇ ಮಟ್ಟದ ಗೆರೆ. ಅದಕ್ಕೆ ಲಂಬವಾಗಿ, ಮೊದಲ ಬಾವಿಯ ಕಡೆಯಿಂದ ಎರಡನೆಯದರ ಕಡೆಗೆ ಬಾಣ ಹಾಕಿ. ನೆಲದಡಿಯ ನೀರು ಹರಿಯುವ ದಿಕ್ಕು ಅದೇ.

ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಈ ಬಾಣ ಹಾಕಿ ನೋಡಿ. ಹೊಳೆ ಹತ್ತಿರವಿದ್ದರೆ ದಿಕ್ಕು ಬದಲಾಗುವುದುಂಟು.

4. ಕನಿಷ್ಠ ಒಂದು ಪೂರ್ತಿ ವರ್ಷ ಬರೆದಿಡಿ

ವಾರಕ್ಕೊಮ್ಮೆ ಆದರೆ ಚೆನ್ನ, ತಿಂಗಳಿಗೊಮ್ಮೆಯಂತೂ ಬಿಡಬೇಡಿ. ಪಕ್ಕದಲ್ಲೇ ಮಳೆಯ ಲೆಕ್ಕ ಬರೆಯಿರಿ. ಎರಡು ಮಳೆಗಾಲ ಸಿಕ್ಕರೆ ಇನ್ನೂ ಗಟ್ಟಿ.

ಗುಂಡಿಯಿಂದ ದೂರ ಇರುವ, ಅದರ ಪ್ರಭಾವ ಮುಟ್ಟಲಾರದ ಒಂದು ಬಾವಿಯನ್ನೂ ಇದೇ ದಿನಗಳಲ್ಲಿ ಅಳೆಯಿರಿ. ಇದನ್ನು ಹೋಲಿಕೆ ಬಾವಿ ಅನ್ನೋಣ. ಮುಂದೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದು ಇದೇ. ಬರಗಾಲ ಬಂದರೆ ಎರಡೂ ಬಾವಿ ಇಳಿಯುತ್ತವೆ. ನಿಮ್ಮದು ಮಾತ್ರ ಇಳಿದರೆ ಕಾರಣ ಬೇರೆ, ಅಲ್ವಾ?

ಇದೇ ವರ್ಷ ಎರಡು ಸಲ ನೀರನ್ನು ಪ್ರಯೋಗಾಲಯಕ್ಕೆ ಕೊಡಿ. ಕೇಳಬೇಕಾದ ಪರೀಕ್ಷೆಗಳು: ಕಲಕು, ಪಿಎಚ್, ವಿದ್ಯುತ್ ವಾಹಕತೆ, ನೈಟ್ರೇಟ್, ಕ್ಲೋರೈಡ್, ಕಬ್ಬಿಣ, ಮ್ಯಾಂಗನೀಸ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ, ಡೀಸೆಲ್ ಅಥವಾ ಎಣ್ಣೆಯ ಅಂಶ. ವಿದ್ಯುತ್ ವಾಹಕತೆ ಎಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂಬುದರ ಸುಳಿವು. ನೈಟ್ರೇಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 50 ಮಿಲಿಗ್ರಾಂ. ಪೈಪಿನಲ್ಲಿ ನಿಂತ ಹಳೇ ನೀರನ್ನು ಕೊಡಬೇಡಿ. ಸ್ವಲ್ಪ ಹೊತ್ತು ಪಂಪು ಓಡಿಸಿ, ಹೊಸ ನೀರು ಬಂದ ಮೇಲೆ, ಪ್ರಯೋಗಾಲಯದವರೇ ಕೊಟ್ಟ ಬಾಟಲಿಯಲ್ಲಿ ಹಿಡಿಯಿರಿ. ಸಾಧ್ಯವಾದರೆ ಇನ್ನೊಬ್ಬರ ಎದುರು ಹಿಡಿದು ಇಬ್ಬರೂ ಸಹಿ ಹಾಕಿ.

5. ನಾಲ್ಕು ಲೆಕ್ಕ ಹಾಕಿ ನೋಡಿ

ಇವು ಅಂದಾಜಿನ ಲೆಕ್ಕಗಳು. ಇದರಿಂದ ತೀರ್ಪು ಸಿಗುವುದಿಲ್ಲ. ಯಾವ ಪ್ರಶ್ನೆ ಜೋರಾಗಿ ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಮೊದಲನೆಯದು, ನಿಂತ ನೀರಿನ ಲೆಕ್ಕ. ಅಂತರ್ಜಲ ಇಳಿಜಾರಾಗಿರುತ್ತದೆ ಅಂದೆನಲ್ಲ. ಪ್ರತಿ 100 ಮೀಟರಿಗೆ ಅರ್ಧ ಮೀಟರ್ ಇಳಿಯುತ್ತದೆ ಅನ್ನಿ. ಅದರ ಹರಿವಿನ ಉದ್ದಕ್ಕೆ 300 ಮೀಟರ್ ಗುಂಡಿ ತೋಡಿದರೆ ಎರಡು ತುದಿಗೆ ಒಂದೂವರೆ ಮೀಟರ್ ವ್ಯತ್ಯಾಸ. ಆದರೆ ಗುಂಡಿಯ ನೀರು ತೆರೆದ ನೀರು, ಸಮತಟ್ಟಾಗೇ ನಿಲ್ಲುತ್ತದೆ. ಹೆಚ್ಚುಕಮ್ಮಿ ನಡುಮಟ್ಟಕ್ಕೆ ನಿಂತರೆ ಮೇಲ್ತುದಿಯಲ್ಲಿ ಮುಕ್ಕಾಲು ಮೀಟರ್ ಇಳಿಕೆ, ಕೆಳತುದಿಯಲ್ಲಿ ಮುಕ್ಕಾಲು ಮೀಟರ್ ಏರಿಕೆ. ಪಂಪು ಇಲ್ಲದಿದ್ದರೂ ಇದು ಆಗುತ್ತದೆ, ಗುಂಡಿ ಇರುವಷ್ಟು ಕಾಲ ಹಾಗೇ ಉಳಿಯುತ್ತದೆ. ಮೇಲ್ಭಾಗದ ಬಾವಿಯಲ್ಲಿ ಬೇಸಿಗೆಗೆ ಉಳಿಯುವ ನೀರೇ ಒಂದು ಮೀಟರ್ ಆಗಿದ್ದರೆ ಈ ಮುಕ್ಕಾಲು ಮೀಟರ್ ಸಣ್ಣದಲ್ಲ. ಕೆಳಭಾಗದಲ್ಲಿ ನೆಲಮಾಳಿಗೆ ಒಸರುವುದು, ಶೌಚದ ಗುಂಡಿ ತುಂಬಿಕೊಳ್ಳುವುದು ಶುರುವಾಗಬಹುದು. ಇದಕ್ಕೆ ಪರಿಹಾರ ಇದೆ. ಗುಂಡಿಯ ಉದ್ದ ಹರಿವಿಗೆ ಅಡ್ಡಲಾಗಿ ಇರಲಿ. ಅಥವಾ ನಡುವೆ ಜಲ್ಲಿಯ ಗೋಡೆ ಬಿಟ್ಟು ನೂರು ನೂರು ಮೀಟರಿನ ಮೂರು ಗುಂಡಿ ಮಾಡಲಿ. ಆಗ ಒಂದೊಂದರಲ್ಲಿ ಏರಿಳಿತ ಕಾಲು ಮೀಟರಿಗೆ ಬರುತ್ತದೆ. ಅನುಮತಿ ಹಂತದಲ್ಲೇ ಇದನ್ನು ಕೇಳಿ. ತೋಡಿದ ಮೇಲೆ ಕೇಳಿ ಫಲವಿಲ್ಲ.

ಎರಡನೆಯದು, ಪಂಪಿನ ಲಾಳಿಕೆ ಎಷ್ಟು ದೂರ ಮುಟ್ಟುತ್ತದೆ ಎಂಬುದು. ಎಂಜಿನಿಯರುಗಳು ಮೊದಲ ಅಂದಾಜಿಗೆ ಸಿಚಾರ್ಟ್ ಸೂತ್ರ ಬಳಸುತ್ತಾರೆ. ನೀರು ಇಳಿಸುವ ಆಳವನ್ನು 3000ದಿಂದ ಗುಣಿಸಿ, ಪದರದ ವಾಹಕತೆಯ ವರ್ಗಮೂಲದಿಂದ ಮತ್ತೆ ಗುಣಿಸಬೇಕು. ವಾಹಕತೆ ಎಂದರೆ ಪದರದಲ್ಲಿ ನೀರು ಎಷ್ಟು ಸುಲಭವಾಗಿ ಸಾಗುತ್ತದೆ ಎಂಬುದರ ಅಳತೆ. ಮರಳು ಬೆರೆತ ಜಲ್ಲಿಗೆ ಸೆಕೆಂಡಿಗೆ 0.001 ಮೀಟರ್ ಇರಬಹುದು. 4 ಮೀಟರ್ ಇಳಿಸಿದರೆ ಉತ್ತರ ಸುಮಾರು 380 ಮೀಟರ್. ಜಲ್ಲಿ ಇನ್ನೂ ಸಡಿಲವಾಗಿದ್ದು ವಾಹಕತೆ ಹತ್ತು ಪಟ್ಟು ಆದರೆ 1200 ಮೀಟರ್. ವ್ಯತ್ಯಾಸ ನೋಡಿ. ಅದಕ್ಕೇ ವರದಿಯಲ್ಲಿ ವಾಹಕತೆಯ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳಬೇಕು. ಅಲ್ಲೇ ಪಂಪು ಓಡಿಸಿ ಪರೀಕ್ಷೆ ಮಾಡಿ ತೆಗೆದದ್ದೋ, ಯಾವುದೋ ಪಟ್ಟಿಯಿಂದ ಎತ್ತಿದ್ದೋ?

ಮೂರನೆಯದು, ಚೆಲ್ಲಿದ್ದು ಎಷ್ಟು ದಿನದಲ್ಲಿ ನಿಮ್ಮ ಬಾವಿಗೆ ಬರುತ್ತದೆ ಎಂಬುದು. ಇದರ ಬುಡದಲ್ಲಿರುವುದು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದ ನಿಯಮ. ಮೇಲಿನ ಉದಾಹರಣೆಯನ್ನೇ ತಗೊಳ್ಳಿ. ಸೆಕೆಂಡಿಗೆ 0.001 ಮೀಟರ್ ಅಂದರೆ ದಿನಕ್ಕೆ 86.4 ಮೀಟರ್. ಇಳಿಜಾರು 0.005ರಿಂದ ಗುಣಿಸಿ, ಸಂದಿಗಳ ಪಾಲು 0.25ರಿಂದ ಭಾಗಿಸಿ. ದಿನಕ್ಕೆ ಸುಮಾರು 1.7 ಮೀಟರ್ ಬರುತ್ತದೆ. ಗುಂಡಿ 300 ಮೀಟರ್ ದೂರವಿದ್ದರೆ ಇಂದು ಚೆಲ್ಲಿದ್ದು ನಿಮ್ಮಲ್ಲಿಗೆ ಬರಲು ಆರು ತಿಂಗಳು. "ಒಂದು ತಿಂಗಳು ನೋಡಿದೆವು, ನೀರು ಚೆನ್ನಾಗಿದೆ" ಅಂತ ಪರೀಕ್ಷೆ ನಿಲ್ಲಿಸಿದವರು ಇದಕ್ಕೇ ಮೋಸ ಹೋಗುವುದು.

ನಾಲ್ಕನೆಯದು, ಆವಿ. ನೆಲದಡಿಯ ನೀರಿಗೆ ಬಿಸಿಲು ತಾಗುತ್ತಿರಲಿಲ್ಲ, ಈಗ ತಾಗುತ್ತದೆ. ಒಂದು ಹೆಕ್ಟೇರ್ ನೀರಿನಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 50,000 ಲೀಟರ್ ಹೋಯಿತು. ಐದು ಹೆಕ್ಟೇರಿಗೆ ಎರಡೂವರೆ ಲಕ್ಷ ಲೀಟರ್. ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಗುಂಡಿಗೆ ಬಿದ್ದ ಮಳೆ, ಮೊದಲು ಅಲ್ಲಿದ್ದ ಗಿಡಮರ ಎಳೆದುಕೊಳ್ಳುತ್ತಿದ್ದ ನೀರು ಎರಡನ್ನೂ ಕಳೆಯಬೇಕು. ಮಳೆ ಕಡಿಮೆ ಇರುವ ಕಡೆ ಕಳೆದ ಮೇಲೂ ನಷ್ಟವೇ ಉಳಿಯುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಜಲ್ಲಿ ಗುಂಡಿ ಅಂತರ್ಜಲವನ್ನು ತೆರೆದಿಟ್ಟರೆ, ಆವಿಯಾಗಿ ಹೋಗುವ ನೀರಿಗೆ ಬದಲಿ ನೀರು ಒದಗಿಸಬೇಕೆಂಬ ನಿಯಮವೇ ಇದೆ.

6. ತೋಡಲು ಶುರುವಾದ ಮೇಲೆ

ಅಳತೆ ವಾರಕ್ಕೊಮ್ಮೆ ಆಗಲಿ. ನೋಡಬೇಕಾದ್ದು ನಿಮ್ಮ ಬಾವಿ ಎಷ್ಟು ಇಳಿಯಿತು ಎಂಬುದನ್ನಲ್ಲ, ಹೋಲಿಕೆ ಬಾವಿಗಿಂತ ಎಷ್ಟು ಜಾಸ್ತಿ ಇಳಿಯಿತು ಎಂಬುದನ್ನು. ಕಳೆದ ವರ್ಷವೆಲ್ಲ ಎರಡರ ನಡುವೆ 2 ಮೀಟರ್ ಆಸುಪಾಸಿನ ಅಂತರ ಇದ್ದು, ಈಗ ಅದು 3.1 ಆಗಿದ್ದರೆ, ಆ 1.1 ಮೀಟರಿಗೆ ಮಳೆಯನ್ನು ದೂರುವಂತಿಲ್ಲ. ಪಂಪು ಹಚ್ಚಿದ ದಿನ, ನಿಲ್ಲಿಸಿದ ದಿನವನ್ನೂ ಪಕ್ಕದಲ್ಲೇ ಬರೆಯಿರಿ.

ಪಂಪು ಮಾಡಿದ ನೀರು ಎಲ್ಲಿಗೆ ಹೋಗುತ್ತಿದೆ ನೋಡಿ. ಹೊಳೆಗೆ ಬಿಟ್ಟರೆ ಅದು ನಿಮ್ಮ ಪದರದಿಂದ ಹೋದ ನೀರು. ಬಾವಿಗಳ ಕಡೆ ಇಂಗುಗುಂಡಿ ಅಥವಾ ಕಾಲುವೆ ತೋಡಿ, ಹೂಳು ತಳ ಸೇರಿದ ಮೇಲೆ ತಿಳಿ ನೀರನ್ನು ಅಲ್ಲೇ ಇಂಗಿಸಿದರೆ ಇಳಿಕೆ ಬಹಳ ತಗ್ಗುತ್ತದೆ. ಕಲ್ಲು ತೊಳೆಯುವ ನೀರನ್ನೂ ಹೂಳು ಇಳಿಸಿ ಮತ್ತೆ ಬಳಸಬೇಕು.

ಡೀಸೆಲ್ ತುಂಬಿಸುವುದು, ಎಣ್ಣೆ ಬದಲಿಸುವುದು ಗುಂಡಿಯ ತಳದಲ್ಲಿ ನಡೆಯಬಾರದು. ಮೇಲೆ, ಕಾಂಕ್ರೀಟ್ ಹಾಸಿ ಅಂಚು ಕಟ್ಟಿದ ಜಾಗದಲ್ಲಿ ಮಾತ್ರ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಗುಂಡಿ ಹೊಳೆಯ ಪಕ್ಕದಲ್ಲಿದ್ದರೆ ಬೇರೆಯದೇ ಅಪಾಯ. ನಡುವಿನ ದಡ ತೆಳುವಾಗಿದ್ದರೆ ಪ್ರವಾಹದಲ್ಲಿ ಹೊಳೆ ಅದನ್ನು ಒಡೆದು ಗುಂಡಿಗೆ ನುಗ್ಗುತ್ತದೆ. ಹೊಳೆ ಹೊತ್ತು ತಂದ ಕಲ್ಲು, ಮರಳು ಗುಂಡಿಯಲ್ಲೇ ಉಳಿಯುತ್ತದೆ. ಮುಂದೆ ಹೋಗುವ ನೀರಿಗೆ ಹೊರೆ ಇಲ್ಲ. ಇದನ್ನು ಹಸಿದ ನೀರು ಎನ್ನುತ್ತಾರೆ. ಅದು ಕೆಳಗಿನ ಪಾತ್ರವನ್ನು ಕೊರೆಯುತ್ತಾ ಹೋಗುತ್ತದೆ. ಮೇಲ್ಗಡೆಯೂ ಕೊರೆತ ಹಿಂದಕ್ಕೆ ಹಿಂದಕ್ಕೆ ಹತ್ತುತ್ತದೆ. ಪಾತ್ರ ಆಳವಾದಷ್ಟೂ ಎರಡು ದಡದ ಅಂತರ್ಜಲ ಅದರೊಳಗೆ ಬಸಿಯುತ್ತದೆ. ಗುಂಡಿಯಿಂದ ದೂರದ ಬಾವಿಗಳೂ ಇಳಿಯುತ್ತವೆ. ಅದಕ್ಕಾಗಿ ಸೇತುವೆಯ ಕಂಬದ ಮೇಲೊಂದು ಗುರುತು ಮಾಡಿ, ಅಲ್ಲಿಂದ ಪಾತ್ರದ ತಳಕ್ಕೆ ಎಷ್ಟು ಎಂದು ಪ್ರತಿ ಬೇಸಿಗೆ ಅಳೆದು ಬರೆಯಿರಿ.

7. ಮುಚ್ಚುವ ಯೋಜನೆಯನ್ನು ನೀರಿನ ಕಣ್ಣಿನಿಂದ ಓದಿ

"ಮುಚ್ಚಿ ಕೊಡುತ್ತೇವೆ" ಎಂಬ ಮಾತಿಗೆ ಜನ ಬೇಗ ಸಮಾಧಾನ ಆಗಿಬಿಡುತ್ತಾರೆ. ನನಗೆ ಜಾಸ್ತಿ ಆತಂಕ ಆಗುವುದು ಇಲ್ಲೇ. ತೋಡುವ ಕೆಲಸ ಕೆಲವು ವರ್ಷದ್ದು. ಮುಚ್ಚಿದ್ದು ಶಾಶ್ವತ. ಯೋಜನೆಯಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಇರುತ್ತದೆ: ಮಣ್ಣು ತುಂಬುವುದು, ಕೆರೆಯಾಗಿ ಬಿಡುವುದು, ಒಣ ತಳವನ್ನೇ ಹೊಲ ಮಾಡುವುದು.

ಮಣ್ಣು ತುಂಬುವುದಾದರೆ ಏನನ್ನು ತುಂಬುತ್ತಾರೆ ಎಂಬುದೇ ಪ್ರಶ್ನೆ. ತೊಳೆದು ಉಳಿದ ಹೂಳು, ಜೇಡಿಮಣ್ಣು ತುಂಬಿದರೆ ಕೊಳೆ ಇಲ್ಲದಿರಬಹುದು, ಆದರೆ ನೀರು ಅದರಲ್ಲಿ ಹಾಯುವುದಿಲ್ಲ. ಹರಿಯುವ ಪದರದ ನಡುವೆ ಅದೊಂದು ಭೂಗತ ಅಣೆಕಟ್ಟು. ಮೇಲ್ಭಾಗದಲ್ಲಿ ನೀರು ಏರಿ ಬೇರು ಕೊಳೆಯುತ್ತದೆ, ಕೆಳಭಾಗದ ಬಾವಿಗೆ ಬರುತ್ತಿದ್ದ ನೀರು ಸುತ್ತಿ ಬಳಸಿ ಹೋಗುತ್ತದೆ. ಬಿಟ್ಟ ಜಲ್ಲಿಯ ಪಟ್ಟಿಯೋ, ಒರಟು ಕಲ್ಲು ತುಂಬಿದ ಚರಂಡಿಯೋ ಬದಿಯಲ್ಲಿ ಇರಲೇಬೇಕು. ಯೋಜನೆಯ ನಕ್ಷೆಯಲ್ಲಿ ಅದು ಕಾಣದಿದ್ದರೆ ಬರವಣಿಗೆಯಲ್ಲಿ ಆಕ್ಷೇಪ ಕೊಡಿ.

ಕಟ್ಟಡ ಒಡೆದ ಅವಶೇಷ ತುಂಬುತ್ತೇವೆ ಅಂದರೆ ಎರಡು ಸಲ ಯೋಚಿಸಿ. ಇಟ್ಟಿಗೆ, ಕಲ್ಲು ಒಂದು ಮಾತು. ಅದರ ಜೊತೆ ಮರ, ಪ್ಲಾಸ್ಟಿಕ್, ಬಣ್ಣ, ಜಿಪ್ಸಂ ಬೋರ್ಡ್ ಸೇರಿ ಬರುತ್ತವೆ. ಜಿಪ್ಸಂ ಗಾಳಿಯಿಲ್ಲದ ಒದ್ದೆ ಜಾಗದಲ್ಲಿ ಕೊಳೆಯುವ ವಸ್ತುವಿನ ಜೊತೆ ಸೇರಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ವಿಷಗಾಳಿ. ಬರುವ ಪ್ರತಿ ಲಾರಿಯನ್ನು ಸುರಿಯುವ ಮೊದಲು ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಅಂತರ್ಜಲ ಮಟ್ಟದ ಕೆಳಗೆ ಶುದ್ಧ ಮಣ್ಣು, ಕಲ್ಲು ಬಿಟ್ಟು ಬೇರೇನೂ ಹೋಗಬಾರದು.

ಕೆರೆಯಾಗಿ ಬಿಡುವುದು ಕೆಟ್ಟದ್ದೇನಲ್ಲ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್‌ನಲ್ಲಿರುವ ನೂರೈವತ್ತಕ್ಕೂ ಹೆಚ್ಚು ಕೆರೆಗಳು ಜಲ್ಲಿ ತೆಗೆದ ಗುಂಡಿಗಳೇ. ಅಲ್ಲೀಗ ಹಕ್ಕಿಗಳು ತುಂಬಿವೆ. ಇಂಥ ಕೆರೆಯ ತಳದ ಜೀವಿಗಳು ಅಂತರ್ಜಲದ ನೈಟ್ರೇಟನ್ನು ಕಡಿಮೆ ಮಾಡುವುದೂ ಉಂಟು. ಆದರೆ ದಂಡೆ ಕಡಿದಾಗಿರಬಾರದು. ನೀರಿನ ಮೇಲೆ ಒಂದು ಮೀಟರ್ ಇಳಿತಕ್ಕೆ ಮೂರು ಮೀಟರ್ ಅಡ್ಡ ದೂರ, ನೀರಿನ ಅಂಚಿನಲ್ಲಿ ಇನ್ನೂ ಸಾವಕಾಶ, ಐದರಿಂದ ಹತ್ತು ಮೀಟರ್. ಕಾಲುಜಾರಿ ಬಿದ್ದ ಮಗು ಹತ್ತಿ ಬರುವಂತಿರಬೇಕು. ರಸ್ತೆಯ ನೀರು, ಕೊಟ್ಟಿಗೆಯ ನೀರು ಕೆರೆಗೆ ಸೇರಬಾರದು. ಮಣ್ಣಿನ ಸೋಸುವಿಕೆ ಇಲ್ಲದ ಈ ಕೆರೆ ಅಂತರ್ಜಲಕ್ಕೆ ತೆರೆದ ಬಾಗಿಲು. ತೀರಾ ಆಳದ ಕೆರೆಯ ತಳದಲ್ಲಿ ಆಮ್ಲಜನಕ ಮುಗಿದು ಕಬ್ಬಿಣ, ಮ್ಯಾಂಗನೀಸ್ ಕರಗಿ ಬರುತ್ತದೆ. ಕೆಳಭಾಗದ ಬಾವಿಯ ನೀರು ಬಟ್ಟೆಗೆ ಕೆಂಗಂದು ಕಲೆ ಮಾಡಲು ಶುರುವಾದರೆ ಇದನ್ನು ಅನುಮಾನಿಸಿ.

ಒಣ ತಳವನ್ನು ಹೊಲ ಮಾಡುವುದಾದರೆ ಮೇಲ್ಮಣ್ಣೇ ಜೀವ. ಮೊದಲ ದಿನವೇ ಅದನ್ನು ಬೇರೆ, ಅದರ ಕೆಳಗಿನ ಮಣ್ಣನ್ನು ಬೇರೆ ರಾಶಿ ಹಾಕಬೇಕು. ರಾಶಿ ಎರಡು ಮೀಟರಿಗಿಂತ ಎತ್ತರ ಬೇಡ, ಒಳಗೆ ಉಸಿರು ಕಟ್ಟುತ್ತದೆ. ಮೇಲೆ ಹುಲ್ಲು ಬಿತ್ತಬೇಕು. ಒದ್ದೆ ಮಣ್ಣನ್ನು ಮುಟ್ಟಬಾರದು. ಪರೀಕ್ಷೆ ಸುಲಭ: ಒಂದು ಚಿಟಿಕೆ ಮಣ್ಣು ಅಂಗೈಯಲ್ಲಿ ಹೊಸೆಯಿರಿ. ಮೂರು ಮಿಲಿಮೀಟರ್ ದಪ್ಪದ ಬತ್ತಿಯಾಗಿ ಉಳಿದರೆ ಇನ್ನೂ ಹಸಿ, ಕಾಯಬೇಕು. ಪುಡಿಯಾದರೆ ಕೆಲಸ ಮಾಡಬಹುದು. ಯಂತ್ರ ಓಡಾಡಿ ಸಿಮೆಂಟಿನಂತಾದ ತಳವನ್ನು ಅರ್ಧ ಮೀಟರ್ ಆಳಕ್ಕೆ ಸೀಳಿ ಸಡಿಲಿಸಿ, ಆಮೇಲೆ ಕೆಳಮಣ್ಣು, ಅದರ ಮೇಲೆ ಮೇಲ್ಮಣ್ಣು. ಸೀಳಿದ್ದಾರೋ ಇಲ್ಲವೋ ನೋಡಲು ಒಂದು ಅಡಿ ಗುಂಡಿ ತೋಡಿ ನೀರು ತುಂಬಿ. ಮರುದಿನವೂ ನೀರು ನಿಂತಿದ್ದರೆ ಸೀಳಿಲ್ಲ. ಆ ಹೊಲದಲ್ಲಿ ಗೊಬ್ಬರ ಹಿತಮಿತವಾಗಿರಲಿ. ಕೆಳಗೇ ನೀರಿದೆ.

8. ಠೇವಣಿ ವಾಪಸ್ ಹೋಗುವ ಮೊದಲು

ಎಷ್ಟೋ ಕಡೆ ಅನುಮತಿ ಕೊಡುವಾಗ ಭದ್ರತಾ ಠೇವಣಿ ಇಡಿಸಿಕೊಳ್ಳುತ್ತಾರೆ. ನೆಲ ಸರಿಪಡಿಸದೆ ಹೋದರೆ ಆ ಹಣದಲ್ಲಿ ಮಾಡಿಸಲು. ಹುಲ್ಲು ಹಸಿರಾಗಿದ್ದನ್ನು ನೋಡಿ ಠೇವಣಿ ಬಿಡುಗಡೆ ಮಾಡಿದರೆ ಸಾಲದು. ಪಂಪು ನಿಂತ ಮೇಲೆ ಅಂತರ್ಜಲ ಮೇಲೇರಿ ಒಂದು ಹದಕ್ಕೆ ಬರಲು ಸಮಯ ಬೇಕು. ತುಂಬಿದ ಮಣ್ಣು ಕುಸಿದು ಕೂರಲೂ ಬೇಕು. ಕನಿಷ್ಠ ಎರಡು ಮಳೆಗಾಲದ ಮಟ್ಟ ಮತ್ತು ನೀರಿನ ಪರೀಕ್ಷೆ ನೋಡಿಯೇ ಬಿಡುಗಡೆ ಆಗಬೇಕೆಂದು ಅನುಮತಿಯ ಷರತ್ತಿನಲ್ಲೇ ಬರೆಸಿ. ಕೆಲಸವನ್ನು ಹಂತ ಹಂತವಾಗಿ ಮುಚ್ಚಿಕೊಂಡು ಹೋಗುವ ಷರತ್ತೂ ಇರಲಿ: ಮೊದಲ ಭಾಗ ಸರಿಯಾಗದೆ ಮೂರನೇ ಭಾಗ ತೆರೆಯುವಂತಿಲ್ಲ.

ಬಾವಿಗೆ ತೊಂದರೆಯಾದರೆ ಯಾರು, ಎಷ್ಟು ದಿನದೊಳಗೆ, ಏನು ಮಾಡಬೇಕು ಎಂಬುದೂ ಬರವಣಿಗೆಯಲ್ಲಿರಲಿ. "ಸೂಕ್ತ ಪರಿಹಾರ" ಅಂತ ಬರೆದರೆ ಒಪ್ಪಬೇಡಿ. ಹೋಲಿಕೆ ಬಾವಿಗಿಂತ ಇಷ್ಟು ಮೀಟರ್ ಜಾಸ್ತಿ ಇಳಿದರೆ ಪಂಪು ನಿಲ್ಲಬೇಕು, ಇಷ್ಟು ಗಂಟೆಯೊಳಗೆ ಕುಡಿಯುವ ನೀರು ಬರಬೇಕು, ಬಾವಿ ಆಳ ಮಾಡಿಸುವ ಖರ್ಚು ಅವರದ್ದು ಅಂತ ಸಂಖ್ಯೆ ಸಮೇತ ಇರಲಿ. ಆ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನ ಮೊದಲ ವರ್ಷದ ಪುಟಗಳಿಂದ ತೆಗೆಯಿರಿ. ಪುಟಗಳ ಫೋಟೊ ತೆಗೆದು ಇನ್ನಿಬ್ಬರ ಹತ್ತಿರವೂ ಇಟ್ಟಿರಿ, ಮೂಲ ನೋಟ್‌ಬುಕ್ಕನ್ನು ಮಾತ್ರ ಯಾರ ಕೈಗೂ ಬಿಟ್ಟುಕೊಡಬೇಡಿ.